13ರ ರಾತ್ರಿ ಅಂಗಡಿ ಸುತ್ತೋದು ಬೇಡ

ಹೊಸ ವರ್ಷ ಶುರುವಾಯಿತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೇ ಬದಲಾಗುತ್ತದೆ. ಫೆಬ್ರುವರಿ 14 ಬರುತ್ತಿದೆ, ಏನು ಮಾಡಲಿ, ಏನು ಕೊಡಲಿ, ಎಲ್ಲಿಗೆ ಕರೆದುಕೊಂಡು ಹೋಗಲಿ. ಈ ಸಲ ಖುಷಿಯ ವಿಷಯ ಏನೆಂದರೆ ಸುಮಾರು ಜನ ಗಾಬರಿ ಬೀಳುವುದಕ್ಕೆ ಮೊದಲೇ ಬರೆದಿದ್ದಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಪ್ರೇಮಿಗಳ ದಿನಕ್ಕೇ.

ಪ್ರಶ್ನೆ: ಮದುವೆಯಾಗಿ ಕೆಲವು ವರ್ಷಗಳಾದವು. ಪ್ರತಿ ಸಲವೂ ನನಗೆ 13ನೇ ತಾರೀಕು ಸಂಜೆಯೇ ನೆನಪಾಗುವುದು. ಅಂಗಡಿಯಲ್ಲಿ ಉಳಿದದ್ದು ತಂದು ಕೊಡುತ್ತೇನೆ. ಅವಳು ಥ್ಯಾಂಕ್ಸ್ ಅನ್ನುತ್ತಾಳೆ, ಆದರೆ ಅದು ಬಾಯಿಮಾತಿನ ಥ್ಯಾಂಕ್ಸ್ ಅಂತ ಗೊತ್ತಾಗಿಬಿಡುತ್ತದೆ. ಈ ವರ್ಷ ಮೊದಲೇ ತಯಾರಿ ಮಾಡಬೇಕು. ಎಷ್ಟು ದಿನ ಮೊದಲು, ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ

ಒಂದು ತಿಂಗಳು ಧಾರಾಳವಾಗಿ ಸಾಕು. ಆದರೆ ಆ ತಿಂಗಳನ್ನು ಅಂಗಡಿಗೆ ಕೊಡಬೇಡಿ. ಕೊಳ್ಳುವ ಕೆಲಸ ಅರ್ಧ ಗಂಟೆಯದ್ದು. ಅವರಿಗೆ ಏನು ಬೇಕು ಅಂತ ತಿಳಿದುಕೊಳ್ಳೋದಕ್ಕೇ ಟೈಮ್ ಬೇಕಾಗುವುದು, ಮತ್ತು ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಮೊದಲ ಎರಡು ವಾರ ಏನೂ ಕೊಳ್ಳಬೇಡಿ. ಸುಮ್ನೆ ಕಿವಿ ತೆರೆದಿಟ್ಟುಕೊಳ್ಳಿ. ಜನ ತಮಗೆ ಬೇಕಾದದ್ದನ್ನು ದಿನವಿಡೀ ಹೇಳುತ್ತಲೇ ಇರುತ್ತಾರೆ, ಆದರೆ ‘ನನಗಿದು ಬೇಕು’ ಅಂತ ಹೇಳುವುದಿಲ್ಲ. ಬ್ಯಾಗಿನ ಜಿಪ್ ಮತ್ತೆ ಅದೇ ಜಾಗದಲ್ಲಿ ಸಿಕ್ಕಿಕೊಂಡಾಗ ಒಂದು ಗೊಣಗಾಟ. ಹಾಸಿಗೆ ಪಕ್ಕದ ದೀಪ ಕಣ್ಣಿಗೆ ಹೊಡೆಯುತ್ತದೆ ಅಂತ ಪುಸ್ತಕ ಮುಚ್ಚಿಡುವುದು. ಯಾರದೋ ಫೋಟೊ ನೋಡಿ ‘ಇಲ್ಲಿ ಎಷ್ಟು ಪ್ರಶಾಂತವಾಗಿದೆ ಅಲ್ವಾ’ ಅನ್ನುವುದು. ಇಂಥದ್ದು ಕಿವಿಗೆ ಬಿದ್ದ ತಕ್ಷಣ ಫೋನಿನಲ್ಲಿ ಬರೆದುಕೊಳ್ಳಿ. ಆ ನೋಟಿಗೆ ‘ವಿಮೆ ಕಂತು’ ಅಂತ ಹೆಸರಿಡಿ, ಯಾರೂ ತೆರೆದು ನೋಡುವುದಿಲ್ಲ. ಎರಡು ವಾರದಲ್ಲಿ ನಾಲ್ಕೈದು ಸಾಲು ಸಿಗದಿದ್ದರೆ ನೀವು ಸರಿಯಾಗಿ ಕೇಳಿಸಿಕೊಳ್ಳುತ್ತಿಲ್ಲ ಅಂತಲೇ ಅರ್ಥ.

ಆಮೇಲೆ ಒಂದು ದಿನ ನೇರವಾಗಿ ಕೇಳಿಬಿಡಿ: ಈ ಸಲ 14ಕ್ಕೆ ಹೊರಗೆ ಹೋಗೋಣವಾ, ಮನೆಯಲ್ಲೇ ಇರೋಣವಾ? ಕೇಳಿದರೆ ಸರ್‌ಪ್ರೈಸ್ ಹಾಳಾಗುತ್ತದೆ ಅಂತ ಗಂಡಸರು ಬಹಳ ಹೆದರುತ್ತಾರೆ. ಏನೂ ಹಾಳಾಗುವುದಿಲ್ಲ. ದಿನ ಹೇಗಿರಬೇಕು ಅಂತ ಇಬ್ಬರೂ ಸೇರಿ ತೀರ್ಮಾನಿಸಿ, ಅದರೊಳಗೆ ಏನಿರುತ್ತದೆ ಅನ್ನುವುದನ್ನು ಗುಟ್ಟಾಗಿಡಿ. ವಾರವಿಡೀ ದುಡಿದು ಸುಸ್ತಾದವರಿಗೆ ಮೊದಲೇ ಹೇಳದೆ ‘ಬೇಗ ರೆಡಿಯಾಗು, ಎಲ್ಲಿಗೆ ಅಂತ ಕೇಳಬೇಡ’ ಅಂದರೆ ಖುಷಿಗಿಂತ ರೇಗುವುದೇ ಜಾಸ್ತಿ. ಯಾವ ಬಟ್ಟೆ ಹಾಕಬೇಕು, ಎಷ್ಟು ಹೊತ್ತಿಗೆ ವಾಪಸ್ಸು ಅನ್ನುವುದಾದರೂ ಅವರಿಗೆ ಗೊತ್ತಿರಬೇಕು.

ಕ್ಯಾಲೆಂಡರ್ ತೆಗೆದು ವಾರ ನೋಡಿ. ಇದನ್ನು ಮರೆಯುವವರು ತುಂಬ ಜನ. 2027ರಲ್ಲಿ ಫೆಬ್ರುವರಿ 14 ಭಾನುವಾರ ಬರುತ್ತದೆ, 2028ರಲ್ಲಿ ಸೋಮವಾರ. ಭಾನುವಾರ ಬಂದರೆ ಕೊರಿಯರ್ ನಂಬಿ ಕೂರುವ ಹಾಗಿಲ್ಲ, ಪಾರ್ಸೆಲ್ ಶುಕ್ರವಾರದೊಳಗೆ ಕೈಗೆ ಬಂದಿರಬೇಕು. ಸೋಮವಾರ ಬಂದರೆ ಹಿಂದಿನ ದಿನ ಇಬ್ಬರೂ ಬಿಡುವಾಗಿರಬಹುದು. ಆಗ ಊಟ ತಿರುಗಾಟ ಭಾನುವಾರವೇ ಮುಗಿಸಿ, ಸೋಮವಾರ ಬೆಳಿಗ್ಗೆ ಬರೀ ಒಂದು ಕಾರ್ಡ್ ಕೊಟ್ಟರೆ ಸಾಕು.

ಕೆಲಸಗಳಲ್ಲಿ ಯಾವುದು ಮೊದಲು ಅಂತ ಕೇಳಿದರೆ, ಬೇರೆಯವರನ್ನು ಅವಲಂಬಿಸಿರುವುದು ಮೊದಲು. ರಜೆ, ಹೋಟೆಲಿನ ಟೇಬಲ್, ಮಕ್ಕಳಿದ್ದರೆ ಆ ಸಂಜೆ ನೋಡಿಕೊಳ್ಳುವವರು. ಇವು ಜನವರಿಯಲ್ಲೇ ಮುಗಿಯಲಿ. ಟೇಬಲ್ ಹೇಳುವಾಗ ಒಂದು ಮಾತು ಕೇಳಿಕೊಳ್ಳಿ: ‘ಎಷ್ಟು ಹೊತ್ತು ಕೂರಬಹುದು?’ ಆ ಸಂಜೆ ಎಷ್ಟೋ ಕಡೆ ಒಂದೇ ಟೇಬಲನ್ನು ಎರಡು ಸರದಿಯಲ್ಲಿ ಕೊಡುತ್ತಾರೆ, ಮೆನು ಕೂಡ ಅವತ್ತಿಗೆ ಬೇರೆಯೇ ಇರುತ್ತದೆ. ಎರಡನೇ ಸರದಿಯವರು ಬಾಗಿಲಲ್ಲಿ ನಿಂತು ನಿಮ್ಮ ತಟ್ಟೆ ನೋಡುತ್ತಿದ್ದರೆ ಯಾವ ಪ್ರೀತಿಯ ಮಾತು ಬರುತ್ತದೆ? ಸಂಜೆಯ ಬದಲು ಮಧ್ಯಾಹ್ನದ ಊಟಕ್ಕೆ ಹೋದರೆ ಈ ತಲೆನೋವೇ ಇಲ್ಲ.

ಇನ್ನು ಕಾರ್ಡ್. ಇದನ್ನು ಯಾವುದಾದರೂ ಬಿಡುವಿನ ಬೆಳಿಗ್ಗೆ ಮೊದಲೇ ಬರೆದಿಡಿ, ಕೌಂಟರಿನಲ್ಲಿ ನಿಂತು ಬರೆಯಬೇಡಿ. ‘ನೀನಿಲ್ಲದೆ ನಾನಿಲ್ಲ’ ಥರದ್ದು ಕಾರ್ಡಿನವರೇ ಅಚ್ಚು ಹಾಕಿ ಕೊಟ್ಟಿರುತ್ತಾರೆ. ನೀವು ಬರೆಯಬೇಕಾದದ್ದು ಕಳೆದ ವರ್ಷ ನಡೆದ ಒಂದೇ ಒಂದು ಸಂಗತಿ. ನಿಮಗೆ ಜ್ವರ ಬಂದಾಗ ಅವರು ಪಕ್ಕದ ರೂಮಿನಲ್ಲಿ ಫೋನನ್ನು ಪಿಸುಮಾತಲ್ಲಿ ಮಾತಾಡಿದ್ದು, ನಿಮ್ಮ ಕೆಲಸ ಕೈತಪ್ಪಿದ ದಿನ ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದು, ಅಂಥದ್ದು ಏನಾದರೂ. ನಾಲ್ಕು ಸಾಲು ಸಾಕು. ಆಗ ಥ್ಯಾಂಕ್ಸ್ ಹೇಗೆ ಬರುತ್ತದೆ ನೋಡಿ.

ಇಷ್ಟಾದ ಮೇಲೆ 14ನೇ ತಾರೀಕಿಗೆ ಕೆಲಸವೇ ಉಳಿದಿರಬಾರದು. ಅವತ್ತು ಗಂಟೆಗೊಂದು ಕಾರ್ಯಕ್ರಮ ಹಾಕಿಕೊಳ್ಳುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಗಟ್ಟಿಯಾಗಿ ಗೊತ್ತು ಮಾಡಿಕೊಂಡದ್ದು ಒಂದಿದ್ದರೆ ಸಾಕು.

ಪ್ರಶ್ನೆ: ನನ್ನ ಗಂಡನ ಪ್ರಕಾರ ಪ್ಲಾನ್ ಮಾಡಿ ಮಾಡುವ ಪ್ರೀತಿ ಪ್ರೀತಿಯೇ ಅಲ್ಲ, ತಾನಾಗಿ ಬರಬೇಕು. ಆ ‘ತಾನಾಗಿ’ ಇವತ್ತಿನವರೆಗೂ ಬಂದಿಲ್ಲ. ನಾನೇ ಎಲ್ಲ ಮಾಡಿದರೆ ‘ನಿನ್ನದು ಬರೀ ಮೀಟಿಂಗ್ ಥರ’ ಅನ್ನುತ್ತಾರೆ. ಏನು ಹೇಳಲಿ?
– ಆರ್.

ನಿಮ್ಮಿಬ್ಬರ ಮೊದಮೊದಲ ಭೇಟಿಗಳನ್ನು ನೆನಪು ಮಾಡಿ ಕೊಡಿ. ಆಗ ಅವರು ಯಾವ ಶರ್ಟು ಅಂತ ಹಿಂದಿನ ರಾತ್ರಿಯೇ ಯೋಚಿಸುತ್ತಿದ್ದರು, ಎಲ್ಲಿ ಕೂತರೆ ಗದ್ದಲ ಕಡಿಮೆ ಅಂತ ನೋಡಿಕೊಂಡು ಬರುತ್ತಿದ್ದರು, ಏನು ಮಾತಾಡಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಅದು ಪ್ಲಾನ್ ಅಲ್ಲದೆ ಮತ್ತೇನು? ಆಗ ತಯಾರಿಯಲ್ಲೇ ಒಂದು ಖುಷಿ ಇತ್ತು, ಹಾಗಾಗಿ ಅದು ಕೆಲಸ ಅನ್ನಿಸುತ್ತಿರಲಿಲ್ಲ ಅಷ್ಟೆ.

ಆದರೆ ಅವರ ಮಾತಿನಲ್ಲೂ ಒಂದು ಚೂರು ನಿಜ ಇದೆ, ಸಿಟ್ಟಾಗಬೇಡಿ. ಎಲ್ಲವನ್ನೂ ನೀವೇ ತೀರ್ಮಾನಿಸಿ ಕೊನೆಗೆ ಅವರ ಕೈಗೆ ಪಟ್ಟಿ ಕೊಟ್ಟರೆ ಅವರು ಆ ದಿನಕ್ಕೆ ಅತಿಥಿಯಾಗಿಬಿಡುತ್ತಾರೆ. ಒಂದು ಪ್ರಯೋಗ ಮಾಡಿ. ಆ ದಿನದ ಎರಡು ಗಂಟೆ ಪೂರ್ತಿ ಅವರಿಗೆ ಬಿಟ್ಟುಕೊಡಿ, ಉದಾಹರಣೆಗೆ 4ರಿಂದ 6. ಅದರೊಳಗೆ ಏನು ಮಾಡುವುದು ಅಂತ ನಿಮಗೆ ಹೇಳಲೇಬೇಕಿಲ್ಲ. ನೀವೂ ಕೇಳಬೇಡಿ, ನೆನಪಿಸಬೇಡಿ, ‘ಬುಕ್ ಮಾಡಿದಿರಾ’ ಅಂತ ಬಾಯಿ ಬಿಡಬೇಡಿ. ಅವರು ಏನೂ ಮಾಡದೆ ಸುಮ್ನೆ ನಡೆದಾಡಿಸಿಕೊಂಡು ಬಂದರೆ ನಡೆದಾಡಿ ಬನ್ನಿ, ಜೊತೆಗಿರುವಾಗ ಮುಖ ಊದಿಸಿಕೊಳ್ಳಬೇಡಿ. ಮುಂದಿನ ವರ್ಷ ಆ ಎರಡು ಗಂಟೆ ತಾನಾಗಿ ನಾಲ್ಕಾಗುವುದೂ ಉಂಟು, ಆಗದೆ ಇರುವುದೂ ಉಂಟು. ಆಗದಿದ್ದರೆ ನಿಮ್ಮವರಿಗೆ ಆ ದಿನದ ಮೇಲೆ ಆಸಕ್ತಿಯಿಲ್ಲ, ಪ್ಲಾನ್ ಅನ್ನುವುದು ಬರೀ ನೆಪ. ಹಾಗಿದ್ದರೆ ಅದನ್ನೇ ಕೂತು ಮಾತಾಡಿ.

ಪ್ರಶ್ನೆ: ನಮ್ಮ ಪರಿಚಯವಾಗಿ ಎರಡು ತಿಂಗಳಾಗಿದೆ ಅಷ್ಟೆ. ಜಾಸ್ತಿ ಮಾಡಿದರೆ ಅವಳು ಹೆದರಿಬಿಡುತ್ತಾಳೇನೋ, ಏನೂ ಮಾಡದಿದ್ದರೆ ಬೇಜಾರಾಗುತ್ತಾಳೇನೋ. ಫ್ರೆಂಡ್ಸ್ ಎಲ್ಲ ‘ದೊಡ್ಡದಾಗಿ ಮಾಡು, ಎಲ್ಲರ ಮುಂದೆ ಪ್ರಪೋಸ್ ಮಾಡು’ ಅಂತಾರೆ.
– ವಿ.

ಫ್ರೆಂಡ್ಸ್‌ಗೆ ವಿಡಿಯೋ ಬೇಕು. ನಿಮಗೆ ಬೇಕಾಗಿರುವುದು ಅವಳು. ಎರಡೂ ಬೇರೆ ಬೇರೆ.

ಎಲ್ಲರ ಮುಂದೆ ಕೇಳಿದರೆ ಬೇಡ ಅನ್ನಲು ಅವಳಿಗೆ ದಾರಿಯೇ ಇರುವುದಿಲ್ಲ. ಆ ಒತ್ತಡದಲ್ಲಿ ಬಂದ ‘ಹೂಂ’ಗೆ ಬೆಲೆ ಇಲ್ಲ. ಒಂದೆರಡು ವಾರ ಮೊದಲು ಸಲೀಸಾಗಿ ಕೇಳಿ, ‘14ಕ್ಕೆ ಸಿಗೋಣ ಅಂತಿದ್ದೆ, ನಿನಗೆ ಆ ದಿನ ಇಷ್ಟವಾ, ಇಲ್ಲಾ ಅತಿರೇಕ ಅನ್ನಿಸುತ್ತದಾ?’ ಅಂತ. ಅತಿರೇಕ ಅಂದರೆ ನಂಬಿ. 20ನೇ ತಾರೀಕು ಸಿಕ್ಕಿ, ಯಾವ ಹೆಸರೂ ಬೇಡ. ಇಷ್ಟ ಅಂದರೆ ಒಂದೆರಡು ಗಂಟೆಯಲ್ಲಿ ಮುಗಿಯುವ ಹಾಗೆ ಇಟ್ಟುಕೊಳ್ಳಿ, ಚೆನ್ನಾಗಿದ್ದರೆ ಅದೇ ಬೆಳೆಯುತ್ತದೆ. ಸಂಬಂಧಕ್ಕಿಂತ ದೊಡ್ಡ ಉಡುಗೊರೆ ಕೊಟ್ಟರೆ ತೆಗೆದುಕೊಂಡವರ ತಲೆ ಮೇಲೆ ಸಾಲ ಹೊರಿಸಿದ ಹಾಗೆ. ಎರಡು ತಿಂಗಳಿಗೆ ಒಂದು ಪುಸ್ತಕವೋ ಒಂದು ಸಣ್ಣ ಗಿಡವೋ ಹೆಚ್ಚೇ ಆಯಿತು.

ಪ್ರಶ್ನೆ: ಗುಲಾಬಿಯನ್ನು ಮೊದಲೇ ತಂದಿಟ್ಟರೆ ಬಾಡುವುದಿಲ್ಲವೇ? 14ರ ಬೆಳಿಗ್ಗೆಯೇ ತರುವುದು ಒಳ್ಳೆಯದಲ್ಲವೇ?
– ಎಸ್.

ನೀವು 14ರ ಬೆಳಿಗ್ಗೆ ತರುವ ಗುಲಾಬಿಯೂ ಅವತ್ತೇ ಕೊಯ್ದದ್ದಾಗಿರುವುದು ಅಪರೂಪ. ಈ ದಿನಕ್ಕೆ ನಮಗಿಂತ ಮೊದಲು ಪ್ಲಾನ್ ಮಾಡುವವರು ಹೂವಿನ ಬೆಳೆಗಾರರು. ನವೆಂಬರ್, ಡಿಸೆಂಬರ್‌ನಲ್ಲೇ ಲೆಕ್ಕ ಹಾಕಿ ಗಿಡ ಸವರುತ್ತಾರೆ. ಹೊಸ ಚಿಗುರು ಬಂದು, ಮೊಗ್ಗು ಕಟ್ಟಿ, ಕೊಯ್ಲು ಸರಿಯಾಗಿ ಫೆಬ್ರುವರಿಗೆ ಸಿಗಬೇಕಲ್ಲ. ಕೆನ್ಯಾ, ಕೊಲಂಬಿಯಾ, ಈಕ್ವೆಡಾರ್‌ನ ಎತ್ತರದ ತೋಟಗಳಿಂದ ಆ ಹೂವು ತಣ್ಣಗಿನ ಕೋಣೆ, ವಿಮಾನ, ಮತ್ತೆ ತಣ್ಣಗಿನ ಕೋಣೆ ದಾಟಿ ಪ್ರಪಂಚದ ಮೂಲೆ ಮೂಲೆಗೂ ಹೋಗುತ್ತದೆ. ಹಾಗಾಗಿ ಒಂದೆರಡು ದಿನ ಮೊದಲು, 12ಕ್ಕೋ 13ಕ್ಕೋ ತಂದಿಟ್ಟುಕೊಂಡರೆ ಏನೂ ಕೆಡುವುದಿಲ್ಲ. ಆರ್ಡರ್ ಮಾತ್ರ ಜನವರಿ ಕೊನೆಗೇ ಹೇಳಿಬಿಡಿ.

ಕೊಳ್ಳುವಾಗ ಹೀಗೆ ನೋಡಿ. ಮೊಗ್ಗಿನ ಬುಡ, ಅಂದರೆ ದಂಟಿಗೆ ಕೂಡುವ ಜಾಗದ ಸ್ವಲ್ಪ ಮೇಲೆ, ಎರಡು ಬೆರಳಿಂದ ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಹೊಸದು, ಮೆತ್ತಗಿದ್ದರೆ ಹಳೆಯದು. ಹೊರಗಿನ ಒಂದೆರಡು ಎಸಳು ಕಂದಿ ಒರಟಾಗಿದ್ದರೆ ಅದು ದೋಷವಲ್ಲ. ಒಳಗಿನ ಮೊಗ್ಗನ್ನು ಕಾಯಲಿ ಅಂತ ಬೇಕೆಂದೇ ಬಿಟ್ಟಿರುತ್ತಾರೆ, ಕೊಡುವ ಮೊದಲು ಕಿತ್ತರಾಯಿತು.

ಮನೆಗೆ ತಂದ ಮೇಲೆ ದಂಟಿನ ತುದಿಯನ್ನು ಎರಡು ಸೆಂಟಿಮೀಟರ್‌ನಷ್ಟು ಓರೆಯಾಗಿ, ಹರಿತವಾದ ಚಾಕುವಿನಿಂದ ಕತ್ತರಿಸಿ. ಮೊಂಡು ಕತ್ತರಿ ಬೇಡ, ದಂಟು ನಜ್ಜುಗುಜ್ಜಾದರೆ ನೀರು ಮೇಲೇರುವುದಿಲ್ಲ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಿರಿ, ಅವು ಕೊಳೆತರೆ ನೀರು ಕೆಡುತ್ತದೆ. ದಿನ ಬಿಟ್ಟು ದಿನ ನೀರು ಬದಲಿಸಿ. ಹಣ್ಣಿನ ಬುಟ್ಟಿಯ ಪಕ್ಕ ಮಾತ್ರ ಇಡಬೇಡಿ. ಮಾಗುವ ಬಾಳೆ, ಸೇಬು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಹೂವಿಗೆ ಅದರಿಂದ ಬೇಗ ಮುಪ್ಪು. ಬೆಳಿಗ್ಗೆ ಎದ್ದಾಗ ಹೂವು ಕತ್ತು ಬಗ್ಗಿಸಿಕೊಂಡು ನಿಂತಿದ್ದರೆ ಎಸೆಯಬೇಡಿ, ಬಹಳ ಸಲ ದಂಟಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ತುದಿ ಮತ್ತೊಂದಿಷ್ಟು ಕತ್ತರಿಸಿ, ಇಡೀ ದಂಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಮಲಗಿಸಿ. ಎಷ್ಟೋ ಸಲ ತಲೆ ಎತ್ತುತ್ತದೆ.

ಗುಲಾಬಿಯೇ ಆಗಬೇಕೆಂಬ ಹಟ ಇಲ್ಲದಿದ್ದರೆ ಕಾರ್ನೇಷನ್ ತನ್ನಿ. ಗುಲಾಬಿ ಉದುರಿ ಹೋದ ಮೇಲೂ ಅದು ಚೆನ್ನಾಗಿ ನಿಂತಿರುತ್ತದೆ, ಆ ವಾರದ ರೇಟಿನಲ್ಲೂ ಅಷ್ಟು ಹುಚ್ಚಾಟ ಇರುವುದಿಲ್ಲ.

ಪ್ರಶ್ನೆ: ನಾನು ನರ್ಸ್. 14ಕ್ಕೆ ನನಗೆ ನೈಟ್ ಡ್ಯೂಟಿ ಬಿದ್ದಿದೆ. ನನ್ನ ಹುಡುಗ ಬೇರೆ ದೇಶದಲ್ಲಿದ್ದಾನೆ. ಆ ದಿನ ತಪ್ಪಿಹೋಯಿತಲ್ಲ ಅಂತ ಇಬ್ಬರಿಗೂ ಬೇಸರ.
– ಕೆ.

ತಪ್ಪಿಹೋಗಲು ಅದೇನು ಪರೀಕ್ಷೆಯೇ? ಫೆಬ್ರುವರಿ 14 ವ್ಯಾಲೆಂಟೈನ್ ಅನ್ನುವ ಕ್ರೈಸ್ತ ಸಂತನ ಹೆಸರಿನ ದಿನ. ಅದಕ್ಕೆ ಪ್ರೇಮದ ನಂಟು ಅಂಟಿದ್ದು ತೀರ ಆಮೇಲೆ, 14ನೇ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯದಲ್ಲಿ, ಅದೂ ಅವತ್ತು ಹಕ್ಕಿಗಳು ಜೋಡಿ ಹುಡುಕಿಕೊಳ್ಳುತ್ತವೆ ಅಂತ. ಕ್ಯಾಥೊಲಿಕ್ ಚರ್ಚೇ 1969ರಲ್ಲಿ ಆ ಸಂತನ ಹಬ್ಬವನ್ನು ತನ್ನ ಸಾರ್ವತ್ರಿಕ ಕ್ಯಾಲೆಂಡರಿನಿಂದ ತೆಗೆದುಹಾಕಿತು. ಬ್ರೆಜಿಲ್‌ನವರಿಗೆ ಪ್ರೇಮಿಗಳ ದಿನ ಜೂನ್ 12. ಜಪಾನಿನಲ್ಲಿ ಫೆಬ್ರುವರಿ 14ಕ್ಕೆ ಹೆಂಗಸರು ಚಾಕೊಲೇಟ್ ಕೊಡುತ್ತಾರೆ, ಗಂಡಸರು ಸರಿಯಾಗಿ ಒಂದು ತಿಂಗಳು ಬಿಟ್ಟು ಮಾರ್ಚ್ 14ಕ್ಕೆ ತಿರುಗಿ ಕೊಡುತ್ತಾರೆ. ಹೀಗಿರುವಾಗ ನಿಮ್ಮಿಬ್ಬರದು 17ಕ್ಕೆ ಬಂದರೆ ಯಾರು ತಡೆಯುತ್ತಾರೆ?

ಆದರೆ ‘ಬಿಡುವಾದಾಗ ನೋಡೋಣ’ ಅಂತ ಮಾತ್ರ ಬಿಡಬೇಡಿ, ಅದು ಬರುವುದೇ ಇಲ್ಲ. ಡ್ಯೂಟಿ ಪಟ್ಟಿ ಕೈಗೆ ಬಂದ ದಿನವೇ ಇಬ್ಬರೂ ಕೂತು ತಾರೀಕು ಗೊತ್ತು ಮಾಡಿ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಬೇಡವೇ ಬೇಡ, ಒಂದು ದಿನ ಪೂರ್ತಿ ನಿದ್ದೆ ಆದ ಮೇಲಿನ ದಿನ ಇಟ್ಟುಕೊಳ್ಳಿ. ಕರೆಯ ಹೊತ್ತನ್ನು ಇಬ್ಬರ ಗಡಿಯಾರದಲ್ಲೂ ಬರೆದುಕೊಳ್ಳಿ, ‘ರಾತ್ರಿ ಒಂಬತ್ತಕ್ಕೆ’ ಅಂದರೆ ಯಾರ ರಾತ್ರಿ ಅನ್ನುವುದರಲ್ಲೇ ಜಗಳ ಶುರುವಾಗುವುದುಂಟು. ಪಾರ್ಸೆಲ್ ಕಳಿಸುವುದಾದರೆ ಬೇರೆ ದೇಶಕ್ಕೆ ಕಸ್ಟಮ್ಸ್ ದಾಟಬೇಕು, ಜನವರಿ ಮಧ್ಯದೊಳಗೆ ಕಳಿಸಿ. ಅಥವಾ ಕಾಗದ ಬರೆಯಿರಿ. 14ರ ರಾತ್ರಿ ಡ್ಯೂಟಿಯ ನಡುವೆ ಬಿಡುವಾದಾಗ ಬಿಚ್ಚಿ ಓದಲು ಒಂದು ಕವರ್ ಇದ್ದರೆ ಆ ರಾತ್ರಿಯೂ ಸಾಗುತ್ತದೆ.

ಪ್ರಶ್ನೆ: ನಾನು ಪ್ರತಿ ವರ್ಷ ‘ನನಗೇನೂ ಬೇಡ’ ಅನ್ನುತ್ತೇನೆ. ಅವರು ನಿಜವಾಗಿಯೂ ಏನೂ ತರುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅರ್ಥವಾಗುವುದಿಲ್ಲವೇ?
– ಎಲ್.

ಪಾಪ, ಅವರು ನಿಮ್ಮ ಮಾತು ಕೇಳಿದ್ದಾರೆ. ಇದರಲ್ಲಿ ನಾನು ಅವರ ತಪ್ಪು ಎಲ್ಲಿಂದ ಹುಡುಕಲಿ? ಈ ಸಲ ‘ದುಡ್ಡು ಖರ್ಚು ಬೇಡ, ಆದರೆ ಸಂಜೆ ಆರರ ಮೇಲೆ ಫೋನ್ ಪಕ್ಕಕ್ಕಿಟ್ಟು ನನ್ನ ಜೊತೆ ಇರಬೇಕು’ ಅಂತ ಹೇಳಿ ನೋಡಿ. ಬೇಕಾದದ್ದನ್ನು ಬೇಕು ಅಂದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಈ ತಿಂಗಳು ಕೈಯಲ್ಲಿ ದುಡ್ಡಿಲ್ಲ. ಅವಳು ಏನೂ ಕೇಳಿಲ್ಲ, ಆದರೂ ಕ್ರೆಡಿಟ್ ಕಾರ್ಡಿನಲ್ಲಿ ಒಂದು ವಾಚ್ ಕೊಡಿಸೋಣ ಅಂತಿದ್ದೇನೆ.
– ಎಂ.

ಬೇಡ. ಕಂತು ಆಗಸ್ಟ್‌ವರೆಗೆ ಎಳೆಯುವ ಉಡುಗೊರೆ ಏಪ್ರಿಲ್ ಹೊತ್ತಿಗೆ ಜಗಳಕ್ಕೆ ಕಾರಣವಾಗುತ್ತದೆ. ನಿಮ್ಮ ಕೈ ಖಾಲಿ ಅಂತ ಅವಳಿಗೆ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಹೇಳಿ. ಎಷ್ಟರೊಳಗೆ ಮುಗಿಸಬೇಕು ಅಂತ ಇಬ್ಬರೂ ಸೇರಿ ಒಂದು ಮಿತಿ ಹಾಕಿಕೊಳ್ಳಿ, ಇಬ್ಬರಿಗೂ ಒಂದೇ ಮಿತಿ. ವಾಚ್ ಕೊಡಿಸಲೇಬೇಕು ಅನ್ನಿಸಿದರೆ ಮಾರ್ಚ್‌ನಿಂದ ತಿಂಗಳಿಗೆ ಇಷ್ಟು ಅಂತ ಎತ್ತಿಡಿ, ಮುಂದಿನ ಫೆಬ್ರುವರಿಗೆ ಸಾಲವಿಲ್ಲದ ವಾಚ್ ಸಿಗುತ್ತದೆ.

ಪ್ರಶ್ನೆ: ಕಳೆದ ವರ್ಷ ನಮ್ಮ ಸಂಬಂಧ ಮುರಿದುಬಿತ್ತು. ಆ ದಿನ ಹೇಗೆ ಕಳೆಯಲಿ ಅಂತ ಈಗಿಂದಲೇ ಭಯ.
– ಹೆಸರು ಬರೆಯಬೇಡಿ

ನೀವೂ ಪ್ಲಾನ್ ಮಾಡಿ. ನಿಜ ಹೇಳಬೇಕೆಂದರೆ ಪ್ಲಾನ್ ಜಾಸ್ತಿ ಬೇಕಾಗಿರುವುದು ನಿಮಗೇ. ಆ ಸಂಜೆ ಒಬ್ಬರೇ ಮನೆಯಲ್ಲಿ ಫೋನ್ ಹಿಡಿದು ಕೂರುವುದು ಬೇಡ. ಫಿನ್ಲೆಂಡ್‌ನಲ್ಲಿ ಇದೇ ಫೆಬ್ರುವರಿ 14ನ್ನು ಗೆಳೆತನದ ದಿನವಾಗಿ ಆಚರಿಸುತ್ತಾರೆ, ನಿಮಗೂ ಅದೇ ಇರಲಿ. ಹತ್ತಿರದ ಗೆಳತಿಯನ್ನು ಇವತ್ತೇ ಕೇಳಿಟ್ಟುಕೊಳ್ಳಿ, ಆ ಹೊತ್ತಿಗೆ ಅವರಿಗೂ ಬೇರೆ ಕೆಲಸ ಬಂದಿರಬಹುದು. ಹಳೆಯ ನಂಬರಿಗೆ ಮೆಸೇಜ್ ಹಾಕಬೇಕು ಅನ್ನಿಸುವುದು ರಾತ್ರಿ ಹನ್ನೊಂದರ ಮೇಲೆ. ಅನ್ನಿಸಿದರೆ ಬರೆಯಿರಿ, ಆದರೆ ಕಳಿಸಬೇಡಿ. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಮತ್ತೆ ಓದಿ, ಆಗಲೂ ಕಳಿಸಬೇಕು ಅನ್ನಿಸಿದರೆ ಆಮೇಲೆ ಯೋಚಿಸೋಣ.

ಪ್ರಶ್ನೆ: ಈ ಸಲ ಚಾಕೊಲೇಟನ್ನು ಮೊದಲೇ ತಂದಿಟ್ಟುಬಿಟ್ಟೆ. ಫ್ರಿಜ್‌ನಲ್ಲಿಟ್ಟರೆ ಬೆಳ್ಳಗಾಗುತ್ತದೆ ಅಂತಾರೆ, ಹೊರಗಿಟ್ಟರೆ ನನ್ನ ಗಂಡ ಹುಡುಕಿ ತಿಂದುಬಿಡುತ್ತಾರೆ. ಎಲ್ಲಿಡಲಿ?
– ಪಿ.

ಬೆಳ್ಳಗಾಗುವುದು ನಿಜ, ಬೂಷ್ಟು ಮಾತ್ರ ಅಲ್ಲ. ಫ್ರಿಜ್‌ನಿಂದ ತೆಗೆದ ಚಾಕೊಲೇಟಿನ ಮೇಲೆ ನೀರಿನ ಪಸೆ ಕೂರುತ್ತದೆ, ಸಕ್ಕರೆ ಅದರಲ್ಲಿ ಕರಗಿ, ಒಣಗಿದ ಮೇಲೆ ಬಿಳಿ ಹರಳಾಗಿ ಉಳಿಯುತ್ತದೆ. ಜಾಸ್ತಿ ಬಿಸಿ ತಾಗಿದರೂ ಬಿಳಿ ಬರುತ್ತದೆ, ಅದು ಒಳಗಿನ ಕೋಕೋ ಬೆಣ್ಣೆ ಮೇಲೆದ್ದು ಗಟ್ಟಿಯಾದದ್ದು. ಎರಡನ್ನೂ ತಿನ್ನಬಹುದು, ನೋಡಲು ಚೆಂದವಿರುವುದಿಲ್ಲ ಅಷ್ಟೆ. 15ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವ, ಬಿಸಿಲು ಬೀಳದ, ಒಣ ಜಾಗ ಒಳ್ಳೆಯದು. ಮನೆ ಅಷ್ಟು ತಣ್ಣಗಿಲ್ಲದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲೇ ಇಡಿ. ಕೊಡುವ ದಿನ ಡಬ್ಬಿಯನ್ನು ತೆರೆಯದೆ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ. ಒಳಗೆ ಹಸಿ ಕ್ರೀಮ್ ಇರುವ ಬಗೆಯಾದರೆ ಪೆಟ್ಟಿಗೆಯ ಮೇಲಿನ ತಾರೀಕು ನೋಡಿ, ಅದು ಅಷ್ಟು ದಿನ ಬಾಳುವುದಿಲ್ಲ.

ಬಚ್ಚಿಡುವ ಜಾಗದ ವಿಷಯಕ್ಕೆ ಬಂದರೆ, ನೀವು ವಿವರಿಸಿದ ಗಂಡನಿಗೆ ಫ್ರಿಜ್ಜೂ ಕ್ಷೇಮವಲ್ಲ. ಡಬ್ಬಿಯ ಮೇಲೆ ‘ಹಾಗಲಕಾಯಿ ರಸ’ ಅಂತ ಚೀಟಿ ಅಂಟಿಸಿ.